ಭಾವ ಬಂದ

ಮಾರ್ಚ್ 4, ಸೋಮವಾರ

ಬಂದು ಸೇರಿದೆ. ಬಸ್ಸು ಇಳಿದಲ್ಲಿಂದ ಈ ಕಲ್ಲಿನ ಯಾರ್ಡಿನವರೆಗೆ ಜೀಪು ಕುಕ್ಕಿದ ಕುಕ್ಕಿಗೆ ನನ್ನ ಸೊಂಟದ ಕೀಲುಗಳೆಲ್ಲ ಜಾಗ ಬದಲಾಯಿಸಿವೆ. ಅಕ್ಕನ ಗಂಡನೇ ಕರೆದೊಯ್ಯಲು ಬಂದಿದ್ದ. ದಾರಿಯುದ್ದಕ್ಕೂ ಎರಡೇ ಮಾತು. "ಅಮ್ಮ ಹೇಗಿದಾರೆ?" ಎಂದ. ಆಮೇಲೆ "ಶೂ ತಂದಿದೀಯಾ?" ಎಂದ. ಹೆಂಡತಿ ಸತ್ತು ಆರು ತಿಂಗಳಾಗಿದೆ, ನಾದಿನಿ ಮೊದಲ ಸಲ ಮನೆಗೆ ಬರುತ್ತಿದ್ದಾಳೆ, ಇವನಿಗೆ ನನ್ನ ಶೂ ಚಿಂತೆ!

ಮೀಸೆ ಬೋಳಿಸಿಬಿಟ್ಟಿದ್ದಾನೆ. ಮೊದಲು ಗುರುತೇ ಸಿಗಲಿಲ್ಲ. ಮದುವೆ ಗೊತ್ತಾದ ಹೊಸದರಲ್ಲಿ ಇವನು ನಮ್ಮ ಮನೆಗೆ ಬಂದರೆ, ಆ ತುದಿ ಸುತ್ತಿ ಮೇಲೆತ್ತಿದ ಮೀಸೆ ಕಂಡು ನನ್ನ ಜೀವ ಹಾರಿಹೋಗುತ್ತಿತ್ತು. ಗೇಟಿನ ಸದ್ದಾದರೆ ಸಾಕು, "ಭಾವ ಬಂದ! ಭಾವ ಬಂದ!" ಎಂದು ಕಿರುಚಿ ಮಂಚ ಹತ್ತಿ ಕಾಲು ಮಡಿಸಿ ಕೂರುತ್ತಿದ್ದೆ. ಅಕ್ಕ ಬಿದ್ದು ಬಿದ್ದು ನಗುತ್ತಿದ್ದಳು. ಅಂಥ ಮೀಸೆಯನ್ನು ಈಗೇಕೆ ತೆಗೆದ? ಮುಖ ಮರೆಸಿಕೊಳ್ಳಬೇಕಾದವರು ತಾನೇ ಮೀಸೆ ತೆಗೆಯುವುದು?

ಹೊರಗೆ ಹೇಳಿರುವುದು, ಅಂಗಡಿಯಲ್ಲಿ ಹೊಲಿಗೆ ಕೆಲಸ ಕಡಿಮೆಯಿದೆ, ಅಕ್ಕನ ಮಗಳು ಪುಟ್ಟಿಗೆ ನಾಲ್ಕು ಫ್ರಾಕು ಹೊಲಿದುಕೊಟ್ಟು ಹೋಗುತ್ತೇನೆ ಅಂತ. ಅಮ್ಮ ಕಳಿಸಿದ್ದು ಬೇರೆ ಕೆಲಸಕ್ಕೆ. "ಗಟ್ಟಿಮುಟ್ಟಾದ ಹೆಂಗಸು ಚೇಳು ಕಚ್ಚಿ ಸಾಯ್ತಾಳಾ? ನಂಗೆ ಯಾರು ಏನೇ ಹೇಳ್ಲಿ, ನಂಬಿಕೆ ಇಲ್ಲ. ಹೋಗಿ ಕಣ್ಣಾರೆ ನೋಡು. ಅನುಮಾನ ನಿಜ ಅನ್ನಿಸಿದ್ರೆ ಒಂದು ಮಾತು ಹೇಳು. ಮಾವನ್ನ ಕಳಿಸಿ ಮಗೂನ ಕರೆಸ್ಕೋತೀನಿ. ಅವನ ಹತ್ರ ಒಂದು ದಿನಾನೂ ಬಿಡಲ್ಲ."

ನೋಡುತ್ತೇನೆ. ನನ್ನ ಕಣ್ಣಿಗೆ ಮಣ್ಣೆರಚುವುದು ಅಷ್ಟು ಸುಲಭವಲ್ಲ.

ಮಾರ್ಚ್ 5, ಮಂಗಳವಾರ

ಮನೆ ಎರಡು ಕೋಣೆ, ಒಂದು ಅಡುಗೆಮನೆ. ಹಿಂದೆ ಬೀಗ ಹಾಕಿದ ಶೆಡ್ಡು. ಮುಂದೆ ಯಾರ್ಡು, ಅಲ್ಲಿ ಸಾಲುಸಾಲು ಚಪ್ಪಡಿ ಕಲ್ಲು, ಬೇಲಿಕಂಬ, ಆಚೆ ಒಡೆದ ಚೂರುಗಳ ಗುಡ್ಡೆ. ಬೆಳಗಾದರೆ ಉಳಿ ಸುತ್ತಿಗೆಯ ಟಣ್ ಟಣ್ ಶುರು. ಫೋನಿಗೆ ಸಿಗ್ನಲ್ಲು ಸಿಗುವುದು ಆ ಗುಡ್ಡೆಯ ನೆತ್ತಿಯ ಮೇಲೆ ಮಾತ್ರ. ಅನುಕೂಲವೋ ಅನುಕೂಲ.

ಮಂಚದ ನಾಲ್ಕೂ ಕಾಲನ್ನು ನೀರು ತುಂಬಿದ ಡಬ್ಬಿಗಳಲ್ಲಿ ಇಟ್ಟಿದ್ದಾನೆ. ಗೋಡೆಗೂ ಮಂಚಕ್ಕೂ ಒಂದು ಮೊಳ ಅಂತರ. ಗೋಡೆಯ ಬಿರುಕುಗಳಿಗೆಲ್ಲ ಹೊಸ ಸಿಮೆಂಟು. ಇಷ್ಟೆಲ್ಲ ಮುಂಜಾಗ್ರತೆ ಅಕ್ಕ ಇದ್ದಾಗ ಎಲ್ಲಿ ಹೋಗಿತ್ತು? ಸತ್ತ ಮೇಲೆ ಮಾಡುವುದಕ್ಕೆ ತೋರಿಕೆ ಅನ್ನುತ್ತಾರೆ.

ಪುಟ್ಟಿಗೆ ಏಳು ತುಂಬುತ್ತಿದೆ, ಕಣ್ಣು ಥೇಟ್ ಅಕ್ಕನದೇ. ಅವಳ ಫ್ರಾಕಿನ ತೋಳು ಹರಿದಲ್ಲಿ ಕಪ್ಪು ದಾರದಲ್ಲಿ ಗೋಣಿಚೀಲ ಹೊಲಿದ ಹಾಗೆ ಹೊಲಿದಿದೆ. "ಯಾರೇ ಇದು ಹೊಲಿದಿದ್ದು, ಚಮ್ಮಾರನಾ?" ಅಂದೆ. "ಅಪ್ಪ," ಅಂದಳು, ಸಿಟ್ಟಿನಿಂದ. ಶೂ ಹಾಕುವ ಮುಂಚೆ ಮೆಟ್ಟಿಲಿಗೆ ಕುಟ್ಟುತ್ತಾಳೆ, ಒಳಗೆ ಇಣುಕಿ ಏನೋ ಗೊಣಗುತ್ತಾಳೆ. ಏನದು ಎಂದು ಕೇಳಿದರೆ ಬಾಯಿಗೆ ಬೀಗ. ಮಗುವಿಗೆ ಏನನ್ನೋ ಹೇಳಬೇಡ ಎಂದು ಕಲಿಸಿದ್ದಾರೆ. ಖಂಡಿತ.

ಮಾರ್ಚ್ 7, ಗುರುವಾರ

ಇವತ್ತು ಒಂದು ವಿಷಯ ಖಚಿತವಾಯಿತು. ಇಲ್ಲಿ ಎಲ್ಲರೂ ಸೇರಿ ಏನನ್ನೋ ಮುಚ್ಚಿಡುತ್ತಿದ್ದಾರೆ.

ಟೀ ಹೊತ್ತಿಗೆ ಕೆಲಸದವರ ಜೊತೆ ಹೋಗಿ ಕೂತೆ. ಮೇಸ್ತ್ರಿ ಒಬ್ಬ, ಬಿಳಿ ಹುಬ್ಬಿನ ಮುದುಕ, ಎಲ್ಲರಿಗೂ ಅವನೇ ಹಿರಿಯ. ಟೀ ಕಾಸಿ ಕೊಡುವ ಹೆಂಗಸನ್ನು ಎಲ್ಲರೂ ಟೀಯಮ್ಮ ಅನ್ನುತ್ತಾರೆ. ಮಾತಾಡಿದರೆ ನಿಲ್ಲಿಸುವವಳಲ್ಲ. "ನಿಮ್ಮಕ್ಕನ್ನ ನಾವೆಲ್ಲ ಅಕ್ಕ ಅಂತಲೇ ಕರೀತಿದ್ದಿದ್ದು ಕಣಮ್ಮಾ. ಈ ಮೇಸ್ತ್ರಿ ಅವರ ತಾತನ ವಯಸ್ಸಿನೋರು, ಅವರಿಗೂ ಅಕ್ಕನೇ," ಎಂದು ಕಣ್ಣೊರೆಸಿಕೊಂಡಳು.

ಸಮಯ ಸಿಕ್ಕಿತು ಎಂದು ನಾನು ಮೆಲ್ಲಗೆ ಕೇಳಿದೆ: "ಅಕ್ಕನಿಗೆ ಚೇಳು ಕಚ್ಚಿದ್ದು ಎಲ್ಲಿ?"

ಅಬ್ಬಾ! ಬಾಯಿಗೆತ್ತಿದ ಲೋಟಗಳೆಲ್ಲ ಒಂದೇ ಸಲ ನಿಂತವು. ಒಬ್ಬ ತನ್ನ ಕಾಲಿನ ಸುತ್ತ ನೋಡಿಕೊಂಡ. ಟೀಯಮ್ಮನ ಕೈಯ ಲೋಟ ತುಳುಕಿತು. ಮೇಸ್ತ್ರಿ ಗಂಟಲು ಸರಿ ಮಾಡಿಕೊಂಡು, "ಇಲ್ಲಿ ಆ ಮಾತು ಎತ್ಬಾರ್ದಮ್ಮ," ಅಂದ. ಅಷ್ಟೇ. ಎಲ್ಲರೂ ಎದ್ದು ಹೋದರು. ಟೀಯಮ್ಮನಂಥ ವಾಚಾಳಿಯೂ ಒಲೆ ಊದುವುದಕ್ಕೆ ಕೂತಳು, ಉರಿಯುತ್ತಿದ್ದ ಒಲೆಯನ್ನು.

ಆ ಮಾತು ಎತ್ತಬಾರದಂತೆ. ಯಾಕೆ ಎತ್ತಬಾರದು? ಯಾರು ಬಾಯಿ ಮುಚ್ಚಿಸಿದ್ದಾರೆ?

ಮಾರ್ಚ್ 8, ಶುಕ್ರವಾರ

ಕಣ್ಣಾರೆ ನೋಡಿದ್ದನ್ನು ಬರೆಯುತ್ತಿದ್ದೇನೆ.

ನಿನ್ನೆ ಕತ್ತಲಾಗುತ್ತಿದ್ದ ಹಾಗೆ ಅಕ್ಕನ ಗಂಡ ದಪ್ಪ ಬೂಟು ಹಾಕಿ ಹೊರಟ. ನಾನು ಕಿಟಕಿಯ ಪಕ್ಕ ನಿಂತೆ. ಅವನ ಕೈಯಲ್ಲಿ ಒಂದು ಟಾರ್ಚು, ಅದರ ಬೆಳಕು ನೇರಳೆ. ಚಪ್ಪಡಿಗಳ ಸಂದಿಯಲ್ಲಿ ಬಿಟ್ಟು ಬಿಟ್ಟು ನೋಡುತ್ತಾನೆ. ಒಂದು ಕಡೆ ಬೆಳಕು ಬಿದ್ದಾಗ ಕಲ್ಲಿನ ಮೇಲೆ ಹಸಿರು ಹಸಿರಾಗಿ ಏನೋ ಹೊಳೆಯಿತು, ಹೊಳೆದದ್ದು ನಡೆಯಿತು. ಇಕ್ಕಳದಿಂದ ಹಿಡಿದೆತ್ತಿದ. ಚೇಳು! ಬಾಲ ಮೇಲೆದ್ದು ಗಾಳಿಗೆ ಕುಟುಕುತ್ತಿತ್ತು. ಅದನ್ನು ಗಾಜಿನ ಜಾಡಿಗೆ ಇಳಿಬಿಟ್ಟ. ಹೀಗೆ ಒಂದಲ್ಲ, ಎರಡಲ್ಲ. ಆಮೇಲೆ ಶೆಡ್ಡಿನ ಬೀಗ ತೆಗೆದು ಜಾಡಿ ಒಳಗಿಟ್ಟು ಮತ್ತೆ ಬೀಗ.

ಇವತ್ತು ಬೆಳಿಗ್ಗೆ ಅವನು ಲೋಡು ಕಳಿಸಲು ಹೋದಾಗ ಶೆಡ್ಡಿನ ಕಿಟಕಿಯಲ್ಲಿ ಇಣುಕಿದೆ. ಹಲಗೆಯ ಮೇಲೆ ಸಾಲಾಗಿ ಜಾಡಿಗಳು. ಎಲ್ಲವೂ ಜೀವಂತ! ಒಂದರ ಮೇಲೊಂದು ಹತ್ತಿ ಗಾಜು ಕೆರೆಯುತ್ತಿವೆ. ಜಾಡಿಯೊಳಗೆ ಒದ್ದೆ ಹತ್ತಿ ಬೇರೆ, ಬಾಯಾರಿದರೆ ಅಂತ!

ಹೆಂಡತಿಯನ್ನು ಕೊಂದ ಹುಳುವನ್ನು ಯಾರಾದರೂ ನೀರು ಕೊಟ್ಟು ಸಾಕುತ್ತಾರಾ? ಸಾಕುವವನು ಯಾಕೆ ಸಾಕುತ್ತಾನೆ?

ಮಾರ್ಚ್ 11, ಸೋಮವಾರ

ಸಿಕ್ಕಿಬಿಟ್ಟಿತು. ಇನ್ನು ಅನುಮಾನವಿಲ್ಲ.

ಮಧ್ಯಾಹ್ನ ಒಗೆದ ಬಟ್ಟೆ ಹರವಲು ಹೋಗಿದ್ದೆ. ಚಪ್ಪಡಿ ಗೋಡೆಯ ಆಚೆ ಮೇಸ್ತ್ರಿ, ಟೀಯಮ್ಮ, ಇನ್ಯಾರೋ ಒಬ್ಬ ಕೂತು ಮಾತಾಡುತ್ತಿದ್ದರು. ನಾನಿದ್ದದ್ದು ಅವರಿಗೆ ತಿಳಿಯದು. ಒಂದಕ್ಷರ ಬಿಡದೆ ಬರೆಯುತ್ತೇನೆ.

"ಬೆಳಿಗ್ಗೆ ಭಾವ ಸಿಕ್ಕಿದ್ನಂತಲ್ಲ?"

"ಹೂಂ ಕಣ್ರೀ. ಚಪ್ಪಡಿ ಹಿಂದೆ ಸದ್ದಿಲ್ದೆ ಕೂತಿದ್ದ. ಸ್ವಲ್ಪದ್ರಲ್ಲಿ ತಪ್ಪಿಸ್ಕೊಂಡೆ."

"ಅವನನ್ನ ಎಷ್ಟು ಮಾತ್ರಕ್ಕೂ ನಂಬಬೇಡ. ಅಕ್ಕನ್ನ ಕೊಂದಿದ್ದು ಅವನೇ ಅಲ್ವಾ?"

"ಭಾವ ಒಬ್ಬ ಇಲ್ದಿದ್ರೆ ಆ ತಾಯಿ ಇವತ್ತಿಗೂ ಇಲ್ಲೇ ಓಡಾಡ್ಕೊಂಡಿರ್ತಿದ್ಲು," ಎಂದಳು ಟೀಯಮ್ಮ. "ಆ ಹುಡುಗಿಗೆ ಮಾತ್ರ ಹೇಳ್ಬೇಡ್ರಪ್ಪ. ಹೆದರ್ಕೊಂಡು ಊರಿಗೆ ಓಡ್ತಾಳೆ."

ನನ್ನ ಕೈಯಲ್ಲಿದ್ದ ಒದ್ದೆ ಬಟ್ಟೆ ಅಲ್ಲೇ ಬಿತ್ತು. ಅಕ್ಕ ಎಲ್ಲರಿಗೂ ಅಕ್ಕನಾದ ಮೇಲೆ ಅವಳ ಗಂಡ ಎಲ್ಲರಿಗೂ ಭಾವನಲ್ಲದೆ ಇನ್ನೇನು? ಎದುರಿಗೆ "ಯಜಮಾನ್ರೇ, ಯಜಮಾನ್ರೇ" ಎಂದು ಹಲ್ಲುಗಿಂಜುವವರು ಹಿಂದಿನಿಂದ ಏಕವಚನದಲ್ಲಿ ಮಾತಾಡುತ್ತಿದ್ದಾರೆ. ಅವನು, ಇವನು! ಅನ್ನ ಕೊಡುವ ಧಣಿಯನ್ನು ಹಾಗೆ ಕರೆಯಬೇಕಾದರೆ ಒಳಗೆ ಎಷ್ಟು ಹೇಸಿಗೆ ಇರಬೇಕು.

ಅಕ್ಕಾ. ನನ್ನಕ್ಕಾ. ನಿನ್ನ ಜೊತೆ ಒಂದೇ ತಟ್ಟೆಯಲ್ಲಿ ಉಂಡವನಾ?

ಮಾರ್ಚ್ 12, ಮಂಗಳವಾರ

ಗುಡ್ಡೆ ಹತ್ತಿ ಅಮ್ಮನಿಗೆ ಎಲ್ಲ ಹೇಳಿದೆ. ಜಾಡಿಯ ಸಂಗತಿ ಕೇಳಿ ಅಮ್ಮ, "ಅಯ್ಯೋ, ಸಾಕಿದಾನಾ!" ಎಂದು ಹೋ ಎಂದು ಅತ್ತಳು. ಮಾವ ಭಾನುವಾರ ಬರುತ್ತಾನೆ. ಅಲ್ಲಿಯವರೆಗೆ ನಾನು ಏನೂ ಗೊತ್ತಿಲ್ಲದವಳ ಹಾಗೆ ನಗುನಗುತ್ತ ಇರಬೇಕು. ನಗು ಬರುವುದೆಲ್ಲಿಂದ!

ಅವನು ಬಡಿಸಿದ್ದನ್ನು ಪುಟ್ಟಿ ತಿಂದ ಮೇಲೆಯೇ ನಾನು ತಿನ್ನುತ್ತಿದ್ದೇನೆ.

ಮಾರ್ಚ್ 13, ಬುಧವಾರ

ಬೆಳಿಗ್ಗೆ ಅವನು ಪುಟ್ಟಿಗೆ ಜಡೆ ಹಾಕುವುದನ್ನು ನೋಡುತ್ತ ಕೂತಿದ್ದೆ. ಕಲ್ಲಿಗೆ ಗೆರೆ ಎಳೆಯುವವನಲ್ಲವೇ, ಬೈತಲೆ ಎಷ್ಟು ನೇರ! ನಾಲಿಗೆ ತುದಿ ಹಲ್ಲಿನ ನಡುವೆ ಕಚ್ಚಿಕೊಂಡು ಹಾಕುತ್ತಾನೆ. ನಾಟಕ ಇದ್ದರೂ ಇರಬಹುದು.

ಅವನು ಆಚೆ ಹೋದ ಮೇಲೆ ಪುಟ್ಟಿಯನ್ನು ಕೇಳಿದೆ: "ಅಜ್ಜಿ ಮನೆಗೆ ಬಂದ್ಬಿಡ್ತೀಯಾ? ಅಲ್ಲೇ ಸ್ಕೂಲು. ನಾನು ದಿನಾ ಹೊಸ ಹೊಸ ಥರ ಜಡೆ ಹಾಕ್ತೀನಿ."

ಅವಳು ಯೋಚಿಸಿದಳು. "ಮತ್ತೆ ಅಪ್ಪ ಯಾರಿಗೆ ಜಡೆ ಹಾಕೋದು, ಚಿಕ್ಕಮ್ಮ?"

ಫ್ರಾಕಿನ ಅಂಚು ಮಡಿಸುತ್ತ ಕೂತೆ. ಸೂಜಿ ಬೆರಳಿಗೆ ಚುಚ್ಚಿತು.

ಮಾರ್ಚ್ 14, ಗುರುವಾರ

ಪುಟ್ಟಿಯ ಬಟ್ಟೆ ಒಂದು ಚೀಲದಲ್ಲಿ ತುಂಬಿ ನನ್ನ ಮಂಚದ ಕೆಳಗೆ ಬಚ್ಚಿಟ್ಟಿದ್ದೇನೆ. ಸಂಜೆ ಗುಡ್ಡೆ ಹತ್ತಿ ಅಮ್ಮನ ಜೊತೆ ಕೊನೆಯ ಮಾತು ಆಡಿಬಿಡಬೇಕು, ಭಾನುವಾರದ ತನಕ ಕಾಯುವುದು ನನ್ನಿಂದಾಗದು. ಇವತ್ತು ಅವನು, "ನೀನು ಬಂದ ಮೇಲೆ ಪುಟ್ಟಿ ಊಟ ಚೆನ್ನಾಗಿ ಮಾಡ್ತಿದಾಳೆ," ಅಂದ. ನಾನು ತಲೆ ಎತ್ತಲಿಲ್ಲ.

ಮಾರ್ಚ್ 16, ಶನಿವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕೋಳಿ ಕೆದರಿದ ಹಾಗಿದೆ. ಆಸ್ಪತ್ರೆ. ಟೀಯಮ್ಮ ಬಟ್ಟೆಯ ಜೊತೆ ಈ ಡೈರಿಯನ್ನೂ ತಂದುಕೊಟ್ಟಳು, ಪುಣ್ಯಾತ್ಗಿತ್ತಿಗೆ ಓದಲು ಬರುವುದಿಲ್ಲ.

ಸುಸ್ತಾದರೂ ಬರೆಯದೆ ಇರಲಾರೆ.

ಗುರುವಾರ ಸಂಜೆ ಗುಡ್ಡೆಯ ಮೇಲೆ ಚಪ್ಪಡಿಯೊಂದರ ಮೇಲೆ ಕೂತು ಅಮ್ಮನ ಜೊತೆ ಮಾತಾಡುತ್ತಿದ್ದೆ. ಕೆಳಗೆ ನಿಂತಿದ್ದ ಮೇಸ್ತ್ರಿ ಇದ್ದಕ್ಕಿದ್ದ ಹಾಗೆ ನನ್ನ ಕಡೆ ಕೈ ಚಾಚಿ ಕೂಗಿದ: "ಭಾವ! ಅಮ್ಮಾ, ಭಾವ! ಭಾವ!"

ಅವನು ಬಂದುಬಿಟ್ಟ, ಎಲ್ಲ ಕೇಳಿಸಿಕೊಂಡುಬಿಟ್ಟ! "ಅಮ್ಮಾ, ಭಾವ ಬಂದ!" ಎಂದವಳೇ ಫೋನನ್ನು ಕೂತ ಚಪ್ಪಡಿಯ ಕೆಳಗಿನ ಸಂದಿಗೆ ತುರುಕಿದೆ. ಹಿಂದೆ ತಿರುಗಿ ನೋಡಿದೆ. ಯಾರೂ ಇಲ್ಲ.

ಅಷ್ಟರಲ್ಲಿ ಬೆರಳಿಗೆ ಕಾದ ಸೂಜಿ ಇಳಿಯಿತು. ಸೂಜಿ ನನಗೆ ಹೊಸದೇ? ಇದು ಸೂಜಿಯಲ್ಲ. ಬೆರಳಿನಿಂದ ಮೊಣಕೈಗೆ, ಅಲ್ಲಿಂದ ಹೆಗಲಿಗೆ, ಯಾರೋ ಒಳಗೆ ಬೆಂಕಿಯ ದಾರ ಜಗ್ಗಿ ಎಳೆಯುತ್ತಿದ್ದಾರೆ. ಊರಿಗೆಲ್ಲ ಕೇಳುವ ಹಾಗೆ ಚೀರಿದೆ.

ಮೇಸ್ತ್ರಿ ಓಡಿ ಬಂದ. ಟೀಯಮ್ಮ ಬಂದಳು. ಅಕ್ಕನ ಗಂಡ ಯಾರ್ಡಿನ ಆ ತುದಿಯಿಂದ ಕಲ್ಲಿನ ಮೇಲೆ ಕಲ್ಲು ಹಾರಿಕೊಂಡು ಬಂದವನು, ಅವನ ಮುಖದಲ್ಲಿ ರಕ್ತವೇ ಇರಲಿಲ್ಲ, ಮೇಸ್ತ್ರಿಯನ್ನು ಕೇಳಿದ:

"ಕೆಂಪು ಭಾವನಾ, ಕರೀ ಭಾವನಾ?"

"ಕೆಂಪು ಭಾವ ಯಜಮಾನ್ರೇ. ನಾನು ನೋಡ್ದೆ, ಭಾವ ಹತ್ತಿ ಬರ್ತಿದ್ದ, ಎಷ್ಟು ಕೂಗಿದ್ರೂ ಈ ಹುಡುಗಿ ಕೈಯನ್ನ ಅವನ ಬಾಯಿಗೇ ಕೊಟ್ಲು!"

ಅಷ್ಟು ನೋವಿನಲ್ಲೂ ನಾನು ಅವನ ಮುಖ ನೋಡಿದೆ, ಮೇಸ್ತ್ರಿಯ ಮುಖ ನೋಡಿದೆ. ಕೆಂಪು ಭಾವ. ಕರೀ ಭಾವ. ಚಪ್ಪಡಿಯ ಹಿಂದೆ ಸದ್ದಿಲ್ಲದೆ ಕೂತಿದ್ದ ಭಾವ. ಅಕ್ಕನನ್ನು ಕೊಂದ ಭಾವ. ಓ ದೇವರೇ.

ಆಮೇಲಿನದು ತುಂಡು ತುಂಡಾಗಿ ನೆನಪಿದೆ. ಜೀಪು. ಬೆವರು, ಮೈಯೆಲ್ಲ ತಣ್ಣಗೆ, ಬಾಯಿ ತುಂಬ ಜೊಲ್ಲು, ಎದೆ ತಾಳ ತಪ್ಪಿ ಹಾರುತ್ತಿತ್ತು. ಟೀಯಮ್ಮ ತೊಡೆಯ ಮೇಲೆ ನನ್ನ ತಲೆ ಇಟ್ಟುಕೊಂಡಿದ್ದಳು. ಮುಂದೆ ಜೀಪು ಓಡಿಸುತ್ತಿದ್ದ ಅವರ ದನಿ ಕೇಳುತ್ತಿತ್ತು: "ಮಾತಾಡ್ತಾ ಇರು. ಅಳು, ಬೈಯಿ, ಏನಾದ್ರೂ ಮಾಡು, ಕಣ್ಣು ಮುಚ್ಚಬೇಡ. ಬಂತು, ಬಂದೇಬಿಡ್ತು." ಅವರೇ ಅಳುತ್ತಿದ್ದರು.

ಡಾಕ್ಟರು ಹೇಳಿದರು, ಎಲ್ಲ ಚೇಳೂ ಒಂದೇ ಅಲ್ಲ, ಈ ಕೆಂಪು ಜಾತಿ ಹೃದಯಕ್ಕೇ ಕೈ ಹಾಕುತ್ತದೆ, ದೊಡ್ಡವರನ್ನೂ ಬಿಡುವುದಿಲ್ಲ, ಬೇಗ ತಂದದ್ದಕ್ಕೆ ಬಚಾವಾದೆ ಅಂತ. ಅಕ್ಕನಿಗೆ ಕಚ್ಚಿದ ದಿನ ಜೀಪು ಲೋಡಿನ ಜೊತೆ ಹೋಗಿತ್ತಂತೆ. ಅವರೇ ಅವಳನ್ನು ಬೆನ್ನ ಮೇಲೆ ಹೊತ್ತುಕೊಂಡು ಟಾರು ರಸ್ತೆಯವರೆಗೆ ಓಡಿದ್ದರಂತೆ. ಇದನ್ನು ಹೇಳಿದ್ದು ಅವರಲ್ಲ, ಟೀಯಮ್ಮ.

ಕೈ ನೋಯುತ್ತಿದೆ. ನಿನ್ನೆಯ ರಾದ್ಧಾಂತ ನಾಳೆ ಬರೆಯುತ್ತೇನೆ.

ಮಾರ್ಚ್ 17, ಭಾನುವಾರ

ಅಮ್ಮನಿಗೆ ಫೋನಿನಲ್ಲಿ ಕೇಳಿಸಿದ್ದು ಇಷ್ಟೇ: "ಭಾವ ಬಂದ!" ಆಮೇಲೆ ನನ್ನ ಚೀರಾಟ. ಆಮೇಲೆ ಏನೂ ಇಲ್ಲ. ಇನ್ನೊಬ್ಬ ಮಗಳನ್ನೂ ಅವನು ಕೊಂದ ಎಂದು ಆ ತಾಯಿ ತಿಳಿದುಕೊಂಡದ್ದರಲ್ಲಿ ತಪ್ಪೇನಿದೆ?

ಮಾವ ಭಾನುವಾರದವರೆಗೆ ಕಾಯಲಿಲ್ಲ. ಶುಕ್ರವಾರ ಬೆಳಿಗ್ಗೆ ಕಾರು ಮಾಡಿಕೊಂಡು ಯಾರ್ಡಿಗೆ ಬಂದು, ಪುಟ್ಟಿಯನ್ನು ಎತ್ತಿ ಕಾರಿಗೆ ಹಾಕಿಕೊಂಡು, ಅಲ್ಲಿಂದ ಆಸ್ಪತ್ರೆಗೆ ಬಂದ. ವಾರ್ಡಿನ ಬಾಗಿಲಲ್ಲೇ ಅವರ ಕಾಲರು ಹಿಡಿದ. "ಒಬ್ಳು ಸಾಲಲಿಲ್ವೇನೋ ನಿಂಗೆ?" ಎಂದು ಅಬ್ಬರಿಸಿದ. ಅವರು ಕೈ ಬಿಡಿಸಿಕೊಳ್ಳಲೂ ಇಲ್ಲ. ಕಿಟಕಿಯಾಚೆ ಕಾರಿನ ಗಾಜಿಗೆ ಮುಖ ಒತ್ತಿ ಪುಟ್ಟಿ "ಅಪ್ಪಾ, ಅಪ್ಪಾ" ಎಂದು ಗಾಜು ಬಡಿಯುತ್ತಿದ್ದಳು. ಅವರು ಆ ಕಡೆ ನೋಡುತ್ತ ನಿಂತಿದ್ದರು.

ನನ್ನ ನಾಲಿಗೆ ಇನ್ನೂ ಸೀಸದ ಹಾಗಿತ್ತು. "ಮಾವ, ಬಿಡು. ಭಾವ ಅಲ್ಲ, ಭಾವ ಕಚ್ಚಿದ್ದು," ಅಂದೆ.

"ನೋಡು, ಅವಳೇ ಹೇಳ್ತಿದಾಳೆ, ಭಾವ ಅಂತ!"

"ಆ ಭಾವ ಅಲ್ಲ ಮಾವ! ಕೆಂಪು ಭಾವ!"

ಮಾವ ನರ್ಸಿನ ಕಡೆ ತಿರುಗಿ, "ವಿಷ ತಲೆಗೇರಿದೆ ಕಣಮ್ಮಾ ಇವಳಿಗೆ," ಅಂದ. ಈಗ ನಗು ಬರುತ್ತದೆ. ಆಗ ಡ್ರಿಪ್ಪಿನ ಸೂಜಿ ಕಿತ್ತುಕೊಂಡು ಮಂಚದಿಂದ ಇಳಿದವಳು, ಅಲ್ಲೇ ಕುಸಿದೆ. ನೆಲ ಮುಟ್ಟುವ ಮುಂಚೆ ಹಿಡಿದದ್ದು ಮಾವನಲ್ಲ.

ಕೊನೆಗೆ ಬಿಡಿಸಿ ಹೇಳಿದ್ದು, ಮಗುವನ್ನು ಎತ್ತಿಕೊಂಡು ಹೋದದ್ದು ಕಂಡು ಲಾರಿ ಹತ್ತಿ ಹಿಂದೆಯೇ ಬಂದ ಮೇಸ್ತ್ರಿ. ಕಲ್ಲಿನ ಕೆಲಸದಲ್ಲಿ ಅದರ ಹೆಸರು ಎತ್ತುವಂತಿಲ್ಲ, ಎತ್ತಿದರೆ ಕರೆದ ಹಾಗೆ, ಬಂದುಬಿಡುತ್ತದೆ ಎಂದು ನಂಬಿಕೆ. ಅದಕ್ಕೇ ಈ ಯಾರ್ಡಿನಲ್ಲಿ ಅದಕ್ಕೆ ಭಾವ ಎನ್ನುವುದು. ಪುಟ್ಟಿ ಶೂ ಕುಟ್ಟಿ ಗೊಣಗುವುದೂ ಅದೇ, "ಹೋಗು ಭಾವ, ಹೋಗು." ಮಾವನ ಕೈ ತಾನಾಗಿ ಸಡಿಲವಾಯಿತು. ಹೊರಗೆ ಹೋಗಿ ಕಾರಿನ ಬಾಗಿಲು ತೆಗೆದು ಮಗುವನ್ನು ಇಳಿಸಿದ. ಅವಳು ಬಂದು ಅಪ್ಪನ ಕಾಲು ಕಟ್ಟಿಕೊಂಡವಳು ಸಂಜೆಯವರೆಗೂ ಬಿಡಲಿಲ್ಲ.

ಇವತ್ತು ಮಧ್ಯಾಹ್ನ ಅವರೊಬ್ಬರೇ ಇದ್ದರು. ನನ್ನ ಮಂಚದ ಪಕ್ಕದ ಸ್ಟೂಲಿನ ಮೇಲೆ, ಸ್ವಲ್ಪ ದೂರದಲ್ಲೇ. ನಾನೇ ಕೇಳಿದೆ, ಜಾಡಿಗಳು ಯಾಕೆ ಅಂತ.

"ಮದ್ದು ಮಾಡೋ ಕಡೆಯವರು ಬಂದು ತಗೊಂಡು ಹೋಗ್ತಾರೆ. ಅದರ ವಿಷದಿಂದಲೇ ಮದ್ದು. ಅವಳಿಗೆ ಬೇಕಾದಾಗ ಇಲ್ಲಿ ಇರ್ಲಿಲ್ಲ. ಈಗ ಇಟ್ಟಿರ್ತಾರೆ. ನಿಂಗೆ ಕೊಟ್ಟಿದ್ದು ಅದೇ."

"ಮೀಸೆ ಯಾಕೆ ತೆಗೆದ್ರಿ?"

ಮೀಸೆಯಿದ್ದ ಜಾಗವನ್ನು ಬೆರಳಿಂದ ಸವರಿಕೊಂಡರು. "ಪುಟ್ಟಿ, ಅವರಮ್ಮ ಹೋದ ಮೇಲೆ, ಇದನ್ನ ಕುಟುಕೋ ಕೊಂಡಿ ಅಂತ ಅಳ್ತಿದ್ಲು. ಮುಖ ಹತ್ರ ತಂದ್ರೆ ಕಿರುಚೋಳು."

ಕೊನೆಗೆ ಕೇಳಿದೆ: "ಎಲ್ಲ ಬಿಟ್ಟು ಅದಕ್ಕೆ ಭಾವ ಅಂತ ಯಾರು ಹೆಸರಿಟ್ರು?"

ಅವರು ಮೊದಲ ಸಲ ನಕ್ಕರು. "ನಿಮ್ಮಕ್ಕ. ಮದುವೆಯಾಗಿ ಬಂದ ಹೊಸದ್ರಲ್ಲಿ ಒಂದು ಕಂಡು ಮಂಚ ಹತ್ತಿ ಕಾಲು ಮಡಿಸ್ಕೊಂಡು ಕೂತ್ಲು. ಹೆಸರು ಎತ್ಬಾರ್ದು ಅಂತ ಮೇಸ್ತ್ರಿ ಹೇಳಿದ್ರು. ಮತ್ತೇನಂತ ಕರೆಯೋದು ಅಂದ್ರೆ, 'ನನ್ನ ತಂಗಿ ನಿಮ್ಮ ಮೀಸೆ ಕಂಡು ಹೀಗೇ ಮಂಚ ಹತ್ತಿ ಕೂರೋಳಲ್ಲ, ನಾವೂ ಭಾವ ಬಂದ ಅನ್ನೋಣ' ಅಂದ್ಲು. ನಿನ್ನ ಮಾತೇ ಅದು."

ಮುಖಕ್ಕೆ ಹೊದಿಕೆ ಎಳೆದುಕೊಂಡು ಅತ್ತೆ. ಅವರು ಎದ್ದು ಹೋಗಲಿಲ್ಲ, ಅಲ್ಲೇ ಕೂತಿದ್ದರು.

ಮಾರ್ಚ್ 20, ಬುಧವಾರ

ಮನೆಗೆ ಬಂದಿದ್ದೇನೆ. ಮಾವ ಒಬ್ಬನೇ ಊರಿಗೆ ಹೋದ. ಅಮ್ಮ ಫೋನು ಅವರ ಕೈಗೆ ಕೊಡು ಅಂದಳು. ಏನಂದಳೋ, ಇವರು ಗುಡ್ಡೆಯ ಮೇಲೆ ನಿಂತು "ಹೂಂ ಅತ್ತೆ, ಬಿಡಿ ಅತ್ತೆ" ಎನ್ನುತ್ತಲೇ ಇದ್ದರು. ಮಂಚದ ಕೆಳಗಿನ ಚೀಲದಿಂದ ಪುಟ್ಟಿಯ ಬಟ್ಟೆಗಳನ್ನು ತೆಗೆದು, ಒಂದೊಂದನ್ನೂ ಕೊಡವಿ ಮತ್ತೆ ಕಪಾಟಿನಲ್ಲಿಟ್ಟೆ. ಕಪ್ಪು ದಾರದ ಫ್ರಾಕನ್ನು ಬಿಚ್ಚಿ ಹೊಲಿಯಲು ಕತ್ತರಿ ತೆಗೆದುಕೊಂಡವಳು ಹಾಗೇ ಬಿಟ್ಟೆ. ಗಟ್ಟಿಯಾಗಿಯೇ ಇದೆ.

ಮಧ್ಯಾಹ್ನ ಒಂದೇ ಕೈಯಲ್ಲಿ ಅಡುಗೆ ಮಾಡಿದೆ. ಊಟಕ್ಕೆ ಕರೆಯೋಣ ಎಂದು ಬಾಗಿಲಿಗೆ ಬಂದೆ. ಅವರು ಯಾರ್ಡಿನ ಆ ಕೊನೆಯಲ್ಲಿ ಚಪ್ಪಡಿಗೆ ಗೆರೆ ಎಳೆಯುತ್ತಿದ್ದರು. ಉಳಿ ಸುತ್ತಿಗೆಯ ಸದ್ದು ಜೋರಾಗಿತ್ತು, ಕೇಳಿಸಲಿ ಎಂದು ಗಂಟಲು ಹರಿದು ಕೂಗಿದೆ:

"ಭಾವಾ!"

ಯಾರ್ಡಿಗೆ ಯಾರ್ಡೇ ಎದ್ದು ಕುಣಿಯಿತು. ಸುತ್ತಿಗೆ ಬಿಸಾಡಿ ಒಬ್ಬ ಕಂಬದ ರಾಶಿ ಹತ್ತಿದ. ಮೇಸ್ತ್ರಿ ಈ ವಯಸ್ಸಿನಲ್ಲೂ ಒಂಟಿ ಕಾಲಲ್ಲಿ ನಿಂತ. ಟೀಯಮ್ಮ ಸೀರೆ ಎತ್ತಿ ಹಿಡಿದು ಬೆಂಚಿನ ಮೇಲೆ ಹಾರಿ, "ಎಲ್ಲಿ, ಎಲ್ಲಿ?" ಎಂದಳು. ಎಲ್ಲರ ಕಣ್ಣೂ ಅವರವರ ಕಾಲಿನ ಹತ್ತಿರ.

ಅವರೊಬ್ಬರೇ ಕೆಳಗೆ ನೋಡಲಿಲ್ಲ. ಕೈಯಲ್ಲಿ ಸೀಮೆಸುಣ್ಣ ಹಿಡಿದುಕೊಂಡು ನನ್ನ ಕಡೆ ನೋಡುತ್ತ ನಿಂತಿದ್ದರು.

"ಊಟ ಆರ್ತಿದೆ," ಅಂದೆ.